ಎರಡು ಜೇಬಿನ ಕೋಟು

ಶರ್ಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕುತ್ತಾ ಹೋಗಬೇಕು, ಮೇಲಿನಿಂದ ಶುರು ಮಾಡಿದರೆ ಕೊನೆಗೆ ಒಂದು ಗುಂಡಿ ದಿಕ್ಕಿಲ್ಲದೆ ಉಳಿದುಬಿಡುತ್ತದೆ ಎನ್ನುವುದು ಆ ದರ್ಜಿ ಮನೆಯ ಪಾಠ. ಅಮ್ಮ ಮಗಳ ಮುಂದೆ ಮಂಡಿಯೂರಿ ಕೂತು ಆರನೆಯ ಗುಂಡಿಯವರೆಗೂ ಬಂದಿದ್ದಳು. ಏಳನೆಯದು ಕಾಲರಿನದು. ಅಲ್ಲಿಗೆ ಬೆರಳು ಹೋಗುವಷ್ಟರಲ್ಲಿ ಮಗಳ ಎರಡೂ ಕೈ ಮೇಲೆದ್ದು ಅವಳ ಮುಂಗೈಯನ್ನು ಹಿಡಿದವು.

“ಅದು ಬೇಡ. ನಾನೇ ಹಾಕ್ಕೋತೀನಿ.”

“ನೀನು ಹಾಕ್ಕೊಳ್ಳೋ ಹೊತ್ತಿಗೆ ಸ್ಕೂಲು ಬಿಟ್ಟಿರತ್ತೆ ಕಣೇ.”

ಮಗಳು ನಗಲಿಲ್ಲ. ಗೋಡೆಯ ಕಡೆ ತಿರುಗಿ, ಗಲ್ಲವನ್ನು ಎದೆಗೊತ್ತಿಕೊಂಡು, ಕಾಣದ ಗುಂಡಿಯನ್ನು ಕಾಣದ ಕಾಜದೊಳಗೆ ನುಗ್ಗಿಸಲು ಒದ್ದಾಡತೊಡಗಿದಳು.

ಈ ಹುಡುಗಿಯನ್ನು ಇಡೀ ಬೀದಿ ‘ಸೂಜಿ’ ಎಂದು ಕರೆಯುತ್ತಿತ್ತು. ಒಂಬತ್ತು ವರ್ಷಕ್ಕೆ ಕಡ್ಡಿಯ ಹಾಗಿದ್ದಳು, ಅದಕ್ಕಿಂತ ಹೆಚ್ಚಾಗಿ ಅವಳ ಮಾತು ಚುಚ್ಚುತ್ತಿತ್ತು. ಹಾಲು ತರುವವನು ಒಂದು ದಿನ ತಡವಾಗಿ ಬಂದರೆ ‘ಹಸು ಲೇಟಾಗಿ ಎದ್ದಿತಾ?’ ಎಂದು ಕೇಳಿದವಳು ಅವಳು. ಅಂಥ ಸೂಜಿ ಎಂಟು ದಿನದಿಂದ ಯಾರನ್ನೂ ಏನೂ ಕೇಳಿರಲಿಲ್ಲ. ರಾತ್ರಿ ಕತ್ತಿಗೆ ಮಫ್ಲರು ಸುತ್ತಿಕೊಂಡು ಮಲಗುತ್ತಿದ್ದಳು. ಜಡೆ ಹಾಕುವಾಗ ಅಮ್ಮನ ಬೆರಳು ಹಿಂಗತ್ತಿಗೆ ತಾಕಿದರೆ ಭುಜ ಕಿವಿಯವರೆಗೂ ಏರುತ್ತಿತ್ತು.

ಅಮ್ಮನಿಗೆ ಗೊತ್ತಿತ್ತು. ಎಂಟು ದಿನದ ಹಿಂದೆ ಸೂಜಿ ಗೆಳತಿಯ ಜೊತೆ ಪೇಟೆಯ ಇನ್ನೊಂದು ಹೊಲಿಗೆ ಅಂಗಡಿಗೆ ಹೋಗಿದ್ದಳು. ಅಲ್ಲಿಯ ದರ್ಜಿ ಗೆಳತಿಯ ಅಣ್ಣನ ಕತ್ತಿಗೆ ತಾನೇ ಟೇಪು ಸುತ್ತಿ ಅಳತೆ ತೆಗೆದುಕೊಂಡ. ಅಷ್ಟೇ ನಡೆದದ್ದು. ‘ನಿಮ್ಮ ಮಗಳು ಅದನ್ನ ನೋಡಿ ಬಿಳುಚಿಕೊಂಡು ಬಿಟ್ಟಳು, ಹಸಿವೋ ಏನೋ ಪಾಪ’ ಎಂದು ಗೆಳತಿಯ ತಾಯಿ ಹೇಳಿ ಕಳಿಸಿದ್ದಳು. ಹಸಿವಲ್ಲ ಅದು. ಸೂಜಿ ಹುಟ್ಟಿದಾಗಿನಿಂದ ನೋಡಿದ್ದು ಒಂದೇ ಪದ್ಧತಿ. ಮನೆಯ ಕೆಳಗಿನ ಅವರದೇ ಅಂಗಡಿಯಲ್ಲಿ ಎದೆ, ತೋಳು, ಬೆನ್ನು, ಸೊಂಟ ಎಲ್ಲವನ್ನೂ ದರ್ಜಿಯಾದ ಅಮ್ಮ ಅಳೆಯುತ್ತಾಳೆ. ಕತ್ತಿನದು ಬಂದಾಗ ಮಾತ್ರ ಟೇಪನ್ನು ಗಿರಾಕಿಯ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಗಿರಾಕಿ ಕನ್ನಡಿ ಮುಂದೆ ನಿಂತು ತಾನೇ ಸುತ್ತಿಕೊಂಡು, ಒಳಗೆ ಎರಡು ಬೆರಳು ಇಟ್ಟು, ಇಂಚನ್ನು ಓದಿ ಹೇಳಬೇಕು. ಎಲ್ಲ ಅಂಗಡಿಯಲ್ಲೂ ಹೀಗೇ ಎಂದು ಮಗು ತಿಳಿದಿತ್ತು. ಹಾಗಲ್ಲ ಎಂದು ಗೊತ್ತಾದ ಮೇಲೆ, ಯಾಕೆ ಎಂಬ ಕಡೆಗೆ ಎಷ್ಟು ಹೆಜ್ಜೆ?

ಆಟದ ಬಯಲಿನಲ್ಲಿ ಹಗ್ಗ ಹಾರುವ ಮಕ್ಕಳೆಲ್ಲರ ಬಾಯಲ್ಲೂ ಒಂದು ಹಾಡಿತ್ತು:

ಅಳತೆಗಾರ ಬಂದಾ, ಇಂಚು ಇಂಚು ತಂದಾ,
ಕಾಲರ್ ಗುಂಡಿ ಹಾಕ್ಕೊಳ್ರೋ, ಕತ್ತು ಬಚ್ಚಿಟ್ಕೊಳ್ರೋ!

ಎಪ್ಪತ್ತೆರಡು ವರ್ಷದ ಹಿಂದೆ ಈ ಊರಿನಲ್ಲಿ ಒಬ್ಬ ದರ್ಜಿ ತನ್ನ ಗಿರಾಕಿಗಳನ್ನು ಟೇಪಿನಿಂದ ಕೊಂದ. ಒಬ್ಬರಾದ ಮೇಲೆ ಒಬ್ಬರು, ಎರಡು ಚಳಿಗಾಲದಲ್ಲಿ ಐದು ಜನ. ಊರು ‘ಅಳತೆಗಾರ’ ಎಂದು ಕರೆದ ಅವನು ಸೂಜಿಯ ಮುತ್ತಾತ. ಅಂಗಡಿಯ ಕಿಟಕಿ ಪಕ್ಕ ಕೂತು ದಿನವಿಡೀ ಕೋಟುಗಳಿಗೆ ಕಾಜ ಹೊಲಿಯುವ ತಾತ, ಅಮ್ಮನ ಅಪ್ಪ, ಅವನ ಒಬ್ಬನೇ ಮಗ. ಆಗ ತಾತನಿಗೆ ಆರು ವರ್ಷ. ಗಂಡನನ್ನು ಹಿಡಿದುಕೊಂಡು ಹೋದ ಮೇಲೆ ತಾತನ ತಾಯಿ ಅಂಗಡಿಯ ಬೋರ್ಡು ಇಳಿಸಿ ತನ್ನ ತವರಿನ ಹೆಸರು ಬರೆಸಿದಳು. ಹೊಲಿಗೆ ಯಂತ್ರ ಬಿಟ್ಟರೆ ಅವಳಿಗೆ ಬೇರೆ ಗತಿ ಇರಲಿಲ್ಲ. ಮುಂದೆ ದೊಡ್ಡ ಪ್ರವಾಹ ಬಂದು ಅರ್ಧ ಬೀದಿ ಕೊಚ್ಚಿಹೋಯಿತು, ಹಳಬರು ಚದುರಿದರು, ಮನೆಗಳಿಗೆ ಹೊಸ ನಂಬರು ಬಿತ್ತು. ಈ ಮನೆಗಿದ್ದ ಒಂಬತ್ತನೇ ನಂಬರು ಎದುರು ಸಾಲಿಗೆ ಹಾರಿ ಗಡಿಯಾರ ರಿಪೇರಿಯವನ ಬಾಗಿಲಿಗೆ ಹೋಗಿ ಕೂತಿತು. ಅಂದಿನಿಂದ ಅಳತೆಗಾರನ ಮನೆ ನೋಡಲು ಬಂದವರೆಲ್ಲ ಗಡಿಯಾರದ ಅಂಗಡಿಯನ್ನು ನೋಡಿ, ಹೌಹಾರಿ, ಹೋಗುತ್ತಿದ್ದರು. ಗಡಿಯಾರದವನಿಗೆ ಬೇಸರವೇನೂ ಇರಲಿಲ್ಲ. ಅಂಗಡಿಯ ಕೆಳಗಿನ ಕತ್ತಲೆಕೋಣೆಯಲ್ಲಿ ಅವನು ಮುರಿದ ಗಡಿಯಾರಗಳನ್ನು ಇಡುತ್ತಿದ್ದ. ಈಗ ಅದರ ಬಾಗಿಲನ್ನು ಅರ್ಧ ತೆರೆದಿಟ್ಟು ‘ಒಳಗೆ ಯಾರೂ ಹೋಗಬೇಡಿ’ ಎಂದು ಮಾತ್ರ ಹೇಳುತ್ತಿದ್ದ. ಅಷ್ಟಕ್ಕೇ ಜನ ಬೆವರುತ್ತಿದ್ದರು.

ಮನೆಯೊಳಗೆ ಒಂದು ನಿಯಮವಿತ್ತು, ತಾತ ಹಾಕಿದ್ದು. ಕೇಳುವ ತನಕ ಹೇಳಬಾರದು. ಕೇಳಿದ ಮೇಲೆ ಸುಳ್ಳು ಹೇಳಬಾರದು.

ಅಮ್ಮನೂ ಆ ನಿಯಮದಲ್ಲೇ ಬೆಳೆದವಳು. ಹತ್ತನೆಯ ವಯಸ್ಸಿಗೆ ಅವಳಿಗೆ ಅನುಮಾನ ಬಂತು, ಕೇಳಿದ್ದು ಹನ್ನೆರಡಕ್ಕೆ. ನಡುವಿನ ಎರಡು ವರ್ಷ ತನ್ನ ಎರಡೂ ಕೈಯನ್ನು ಮೈಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ತಾನು ನಿದ್ದೆ ಹೋದಾಗ ಅವು ಎದ್ದು ಎಲ್ಲಿಗಾದರೂ ಹೋದರೆ? ಬೆಳಿಗ್ಗೆ ಜೋಮು ಹಿಡಿದ ಕೈ ಯಾರದ್ದೋ ಕೈಯ ಹಾಗೆ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಆ ಎರಡು ವರ್ಷ ಮಗಳಿಗೆ ಬರಬಾರದು. ಅವಳ ಆಸೆ ಇಷ್ಟೇ. ಮಗು ಕೇಳಲಿ, ಇವತ್ತೇ ಕೇಳಲಿ, ಒಳಗೆ ಇಟ್ಟುಕೊಂಡು ಮಾಗಿಸದಿರಲಿ. ಉತ್ತರಗಳನ್ನೆಲ್ಲ ಅವಳು ಹಿಟ್ಟು ನಾದುವಾಗ, ಬಟ್ಟೆ ಹಿಂಡುವಾಗ ಮನಸ್ಸಿನಲ್ಲೇ ಹೊಲಿದು ಮಡಚಿ ಇಟ್ಟಿದ್ದಳು. ನಿಜವಾ ಎಂದರೆ ಇದು. ಎಷ್ಟು ಜನ ಎಂದರೆ ಇದು. ಯಾಕೆ ಎಂದರೆ, ಯಾರಿಗೂ ಗೊತ್ತಾಗಲಿಲ್ಲ ಕಂದಾ, ಅವರಿಗೇ ಗೊತ್ತಿತ್ತೋ ಇಲ್ಲವೋ. ನಾನೂ ಹಾಗೇ ಆಗ್ತೀನಾ ಎಂದರೆ, ತಬ್ಬಿಕೊಳ್ಳುವುದು, ಆಮೇಲೆ ಮಾತು.

ಆದರೆ ಕೇಳದವಳಿಗೆ ಹೇಗೆ ಹೇಳುವುದು?

ಅಷ್ಟರಲ್ಲಿ ಅಂಗಡಿಯ ಬಾಗಿಲ ಗಂಟೆ ಸದ್ದು ಮಾಡಿತು.

“ಅಕ್ಕಾ, ಇದ್ದೀರಾ? ಇಷ್ಟು ಬೇಗ ಬಂದೆ ಅಂತ ಬೈಬೇಡಿ!”

ಕಥೆಯವನು. ಮೊದಲು ಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದ, ನಲವತ್ತೈದು ದಾಟಿದ ಮನುಷ್ಯ. ಈಗ ಊರು ನೋಡಲು ಬರುವವರನ್ನು ಗುಂಪು ಮಾಡಿಕೊಂಡು, ಕೆಂಪು ಕೊಡೆಯನ್ನು ಎತ್ತಿಹಿಡಿದು, ದಿನಾ ಹತ್ತು ಗಂಟೆಗೆ ಗಡಿಯಾರದ ಅಂಗಡಿ ಮುಂದೆ ಅಳತೆಗಾರನ ಕಥೆ ಹೇಳುತ್ತಿದ್ದ. ಅಮ್ಮ ಸೂಜಿಯ ಕೈ ಹಿಡಿದು ಮೆಟ್ಟಿಲಿಳಿದು ಅಂಗಡಿಗೆ ಬಂದಳು. ತಾತ ಆಗಲೇ ಕಿಟಕಿ ಪಕ್ಕ ಕೂತಿದ್ದರು. ಇಸ್ತ್ರಿಪೆಟ್ಟಿಗೆಯಿಂದ ಆವಿ ಏಳುತ್ತಿತ್ತು. ಕಿಟಕಿಯ ಓರೆ ಬೆಳಕಿನಲ್ಲಿ ಬಟ್ಟೆಯ ನವಿರು ಎಳೆಗಳು ತೇಲುತ್ತಿದ್ದವು. ಬೆಳಗಿನ ಈ ಹೊತ್ತಿನಲ್ಲಿ ಅಂಗಡಿ ಯಾವಾಗಲೂ ನೀರಿನೊಳಗೆ ಮುಳುಗಿದ ಕೋಣೆಯ ಹಾಗಿರುತ್ತಿತ್ತು. ತೂಗುಹಾಕಿದ ಅರ್ಧ ಕೋಟುಗಳು, ಒಂಟಿ ತೋಳುಗಳು ಮೆಲ್ಲಗೆ ಅಲುಗುತ್ತಿದ್ದವು.

“ಒಂದು ಕೋಟು ಬೇಕಕ್ಕಾ, ಅರ್ಜೆಂಟು. ಅಳತೆಗಾರನ ಕೋಟು! ಅದನ್ನ ಹಾಕ್ಕೊಂಡೇ ಇನ್ಮೇಲೆ ಕಥೆ ಹೇಳೋದು.”

ಅಮ್ಮನ ಕೈಯೊಳಗಿದ್ದ ಪುಟ್ಟ ಕೈ ತಣ್ಣಗಾಯಿತು. ಅವಳು ಆ ಕೈಯನ್ನು ಬಿಡಲಿಲ್ಲ. “ಬೇರೆ ಕಡೆ ಹೊಲಿಸ್ಕೊಳ್ಳಿ, ನಮ್ಮಲ್ಲಿ ಕೆಲಸ ತುಂಬಿದೆ” ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಓರೆಗಣ್ಣಿನಲ್ಲಿ ಮಗಳನ್ನು ನೋಡಿದಳು. ಎಂಟು ದಿನದಿಂದ ನೆಲ ನೋಡುತ್ತಿದ್ದ ಕಣ್ಣು ಮೊದಲ ಸಲ ಮೇಲೆದ್ದು ಕಥೆಯವನ ಬಾಯನ್ನೇ ನೋಡುತ್ತಿತ್ತು.

“ಸ್ಕೂಲಿಗೆ ಇನ್ನೂ ಮುಕ್ಕಾಲು ಗಂಟೆ ಇದೆ” ಎಂದಳು ಅಮ್ಮ. “ಬನ್ನಿ, ನಿಂತ್ಕೊಳ್ಳಿ. ಸೂಜಿ, ಅಳತೆ ಬರ್ಕೋ.”

ಅಳತೆ ಬರೆದುಕೊಳ್ಳುವುದು ಸೂಜಿಯ ಕೆಲಸ. ಅವಳು ಕತ್ತರಿಸುವ ಮೇಜಿನ ಅಂಚಿಗೆ ಏರಿ ಕೂತು ಪೆನ್ಸಿಲ್ಲು ಹಿಡಿದಳು.

“ಎದೆ ಮೂವತ್ತೆಂಟು.”

“ಅಕ್ಕಾ, ಪ್ರತಿ ದೊಡ್ಡ ಊರಿಗೂ ಒಬ್ಬ ಕೊಲೆಗಾರ ಇರ್ಲೇಬೇಕು,” ಎಂದ ಕಥೆಯವನು ಕೈ ಅಗಲಿಸಿ. “ಇಲ್ಲಾಂದ್ರೆ ಊರಿಗೆ ಕಳೆ ಇಲ್ಲ. ಬಂದರಿನ ಊರಲ್ಲಿ ಲಾಂದ್ರ ಹಚ್ಚೋನು ಇದ್ದನಂತೆ, ದೀಪ ಆರಿಸಿದ ಬೀದೀಲಿ ಯಾರೂ ಉಳೀತಿರಲಿಲ್ವಂತೆ. ಬೆಟ್ಟದ ಊರಲ್ಲಿ ಛತ್ರದ ಯಜಮಾನಿ, ಸಕ್ಕರೆ ಜಾಸ್ತಿ ಹಾಕಿದ್ಲು ಅಂದ್ರೆ ಮುಗೀತು. ಅವಳಿಗೆ ಹದಿನೆಂಟು ಜನ! ನಮ್ಮೋನು ಪಾಪ, ಬರೀ ಹನ್ನೆರಡು.”

“ತೋಳು ಇಪ್ಪತ್ಮೂರೂವರೆ. ಹೋದ ವರ್ಷ ಹನ್ನೊಂದು ಅಂತಿದ್ರಿ.”

“ಕೋಟಿಗೆ ಹನ್ನೆರಡು ಜೇಬು ಚೆನ್ನಾಗಿ ಕಾಣತ್ತೆ ಅಕ್ಕಾ. ಒಂದೊಂದು ಜೇಬಿಗೆ ಒಬ್ಬೊಬ್ಬರ ಶರ್ಟಿನ ಗುಂಡಿ. ಹನ್ನೊಂದಾದ್ರೆ ಒಂದು ಕಡೆ ಜಾಸ್ತಿ ಆಗಲ್ವಾ? ನೀವೇ ಹೇಳಿ, ದರ್ಜಿ ನೀವು.”

ಒಂದು ಸಾವನ್ನು ಜೇಬಿನ ಅಂದಕ್ಕಾಗಿ ಸೇರಿಸಿದ ಈ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇವನಿಗೆ ಮಾತ್ರವಲ್ಲ, ಊರಿಗೆಲ್ಲ ಅಳತೆಗಾರ ಬೇಕಾಗಿದ್ದ. ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಹೋಗುತ್ತಾ ಅವನು ಆರಡಿ ಎತ್ತರ ಬೆಳೆದಿದ್ದ. ಅವನ ಟೇಪಿಗೆ ಅಂಕಿಗಳೇ ಇರಲಿಲ್ಲವಂತೆ. ಅವನು ನಡೆದರೆ ಮಂಜಿನ ಮೇಲೆ ಹೆಜ್ಜೆ ಮೂಡುತ್ತಿರಲಿಲ್ಲವಂತೆ. ಗಲ್ಲಿಗೇರಿಸುವಾಗ ತನ್ನ ಕತ್ತಿನ ಅಳತೆಯನ್ನು ತಾನೇ ಹೇಳಿದನಂತೆ. ಇಲಿ ಹೋಯಿತು ಎಂದರೆ ಹುಲಿ ಹೋಯಿತು ಎನ್ನುವ ಜನ. ಜೈಲಿನಿಂದ ಬಂದ ಕಾಗದದಲ್ಲಿ ಅಮ್ಮ ಓದಿದ್ದ ಮುತ್ತಾತ ಕುಳ್ಳ. ಸದಾ ಕೆಮ್ಮುತ್ತಿದ್ದ ಮನುಷ್ಯ. ಗಲ್ಲಿಗೇರುವ ಮೊದಲೇ ಜೈಲಿನ ಆಸ್ಪತ್ರೆಯಲ್ಲಿ ಅದೇ ಕೆಮ್ಮಿನಿಂದ ಸತ್ತವನು.

ಹನ್ನೆರಡು ವರ್ಷದವಳಿದ್ದಾಗ ಅವಳು ಕೇಳಿದ ದಿನ, ತಾತ ಹಳೆಯ ಅಳತೆ ಪುಸ್ತಕ ತೆಗೆದು ಐದು ಪುಟ ತೋರಿಸಿದ್ದರು. ಸತ್ತ ಐವರೂ ಗಿರಾಕಿಗಳೇ ಅಲ್ಲವೇ. ಬಟ್ಟೆ ಒಗೆಯುವವಳ ಬಲಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿತ್ತು. ಕಾವಲುಗಾರನ ತೋಳು ಉದ್ದ, ಅವನಿಗೆ ಎಲ್ಲ ಶರ್ಟೂ ಗಿಡ್ಡವಾಗುತ್ತಿತ್ತಂತೆ. ಪಿಯಾನೋ ಕಲಿಸುವಾಕೆ, ದೋಣಿಯವನು, ಮದುವೆಗೆ ಕೋಟು ಹೊಲಿಸಲು ಬಂದಿದ್ದ ಬ್ಯಾಂಕಿನ ಗುಮಾಸ್ತ. ‘ಊರು ಇವರನ್ನ ಎಣಿಸತ್ತೆ, ನಾವು ನೆನಪಿಟ್ಟುಕೊಳ್ಳೋಣ’ ಎಂದಿದ್ದರು ತಾತ. ಅಷ್ಟು ಹೇಳಿ ಪುಸ್ತಕ ಮುಚ್ಚಿದವರು ಮತ್ತೆ ಆ ಮಾತೇ ಎತ್ತಿರಲಿಲ್ಲ. ಹೆತ್ತ ಅಪ್ಪನ ಬಗ್ಗೆ, ಅವನ ಮುಖ ಹೇಗಿತ್ತು, ದನಿ ಹೇಗಿತ್ತು ಎಂಬ ಬಗ್ಗೆ, ಒಂದೇ ಒಂದು ಮಾತನ್ನೂ ಮಗಳಿಗೆ ಹೇಳಿರಲಿಲ್ಲ. ಅವಳೂ ಅದನ್ನು ಕೇಳಿರಲಿಲ್ಲ. ಸತ್ತವರ ಬಗ್ಗೆ ಕೇಳಿದ್ದಳು, ಕೊಂದವನ ಬಗ್ಗೆ ಕೇಳಿದ್ದಳು. ಅಪ್ಪನ ಬಗ್ಗೆ ಕೇಳಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ.

“ಬೆನ್ನು ಹದಿನೇಳು. ಕತ್ತಿನದು ನೀವೇ ತಗೊಳ್ಳಿ,” ಎಂದು ಟೇಪನ್ನು ಕಥೆಯವನ ಕೈಗಿತ್ತು ಅವಳು ಎರಡು ಹೆಜ್ಜೆ ಸರಿದಳು.

“ಇದೇನಕ್ಕಾ, ಮದುಮಗಳ ನಾಚಿಕೆ?”

“ನಮ್ಮ ಅಂಗಡಿ ಪದ್ಧತಿ.”

“ಅಳತೆಗಾರ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಿದ್ದ!” ಅವನು ತನ್ನ ಜೋಕಿಗೆ ತಾನೇ ನಗುತ್ತಾ ಕನ್ನಡಿ ಮುಂದೆ ನಿಂತ. “ಹದಿನೈದೂವರೆ. ಬರ್ಕೊಂಡ್ಯಾ ಪುಟ್ಟಮ್ಮ?”

ಸೂಜಿ ಬರೆದುಕೊಂಡಿರಲಿಲ್ಲ. ಪೆನ್ಸಿಲ್ಲು ಕಾಗದದ ಮೇಲೆ ಒಂದೇ ಚುಕ್ಕಿಯನ್ನು ಒತ್ತುತ್ತಾ ನಿಂತಿತ್ತು. ಕೇಳು ಕಂದಾ, ಎಂದು ಅಮ್ಮ ಮನಸ್ಸಿನಲ್ಲೇ ಬೇಡಿಕೊಂಡಳು. ಬಾಯಿಬಿಟ್ಟು ಏನಾದರೂ ಕೇಳು. ಚುಕ್ಕಿ ದೊಡ್ಡದಾಯಿತು. ಪೆನ್ಸಿಲ್ಲಿನ ಮೊನೆ ಮುರಿಯಿತು. ಮಗು ಕೇಳಲಿಲ್ಲ.

ಕಥೆಯವನು ಮೇಜಿನ ಮೇಲೆ ಒಂದು ಚಿತ್ರ ಹರಡಿದ. ಕಣಕಾಲಿನವರೆಗೆ ಇಳಿಯುವ ಕಪ್ಪು ಕೋಟು, ಎತ್ತರದ ಕಾಲರು, ಮುಂಭಾಗದಲ್ಲಿ ಎರಡು ಸಾಲು ಜೇಬು, ಆರು ಮತ್ತು ಆರು.

ಕಿಟಕಿ ಪಕ್ಕದಿಂದ ಕೆಮ್ಮಿನ ಸದ್ದು ಬಂತು. ತಾತ ಕನ್ನಡಕವನ್ನು ಹಣೆಗೇರಿಸಿ, ಎದ್ದು ಬಂದು, ಚಿತ್ರವನ್ನು ಬೆಳಕಿಗೆ ಹಿಡಿದರು. ಎಪ್ಪತ್ತು ವರ್ಷ ಬಟ್ಟೆಯ ಜೊತೆ ಕಳೆದವರು. ಕೆಟ್ಟ ಹೊಲಿಗೆಯನ್ನು ನೋಡಿದರೆ, ಯಾರೋ ದಾರಿಹೋಕರ ಮೈಮೇಲಿದ್ದರೂ ಸರಿ, ನಿಲ್ಲಿಸಿ ಬುದ್ಧಿ ಹೇಳುವವರು. ಒಮ್ಮೆ ಸಾವಿನ ಮನೆಗೆ ಹೋಗಿ, ಶವದ ಕೋಟಿನ ತೋಳು ಸೊಟ್ಟಗಿದೆ ಎಂದು ಅಳುತ್ತಿದ್ದವರ ನಡುವೆ ಹೇಳಿಬಿಟ್ಟಿದ್ದರು.

“ಹನ್ನೆರಡು ಜೇಬಿಟ್ರೆ ಅಸ್ತರು ತಡೆಯಲ್ಲ,” ಎಂದರು. “ಜೋತು ಬೀಳತ್ತೆ. ಯಾವ ದರ್ಜಿನೂ ಹಿಂಗೆ ಹೊಲಿಯಲ್ಲ.”

“ಅವನು ಹಾಕ್ಕೊತಿದ್ದಿದ್ದೇ ಹಿಂಗೆ ತಾತಾ.”

“ಕಪ್ಪಲ್ಲ, ಕಂದು.”

“ಅಪ್ಪಾ,” ಎಂದಳು ಅಮ್ಮ.

ತಾತನ ಕಿವಿಗೆ ಅದು ಬೀಳಲಿಲ್ಲ. ಅವರ ಬೆರಳು ಚಿತ್ರದ ಮೇಲೆ ಓಡಾಡುತ್ತಿತ್ತು, ತಪ್ಪು ಹೊಲಿಗೆಯನ್ನು ಬಿಚ್ಚುವ ಹಾಗೆ, ಒಂದೊಂದೇ ಎಳೆ. “ಇಷ್ಟುದ್ದ ಇರ್ಲಿಲ್ಲ, ಮಂಡಿ ತನಕ. ಕಾಲರು ಮಾಮೂಲಿ, ಮಡಚೋದು. ಹನ್ನೆರಡು ಎಲ್ಲಿಂದ ಬಂತು? ಎರಡೇ ಜೇಬು. ಬಲಗಡೇದು ಹರಿದುಹೋಗಿ ಬಾಯಿ ಹೊಲಿದುಬಿಟ್ಟಿದ್ರು. ಎಡಗಡೇದು ಆಳ. ಮೊಳಕೈ ತನಕ ಹೋಗ್ತಿತ್ತು ನಂಗೆ.”

ಇಸ್ತ್ರಿಪೆಟ್ಟಿಗೆ ಒಂದು ಸಲ ಉಸ್ಸೆಂದಿತು. ಅಮ್ಮ ಗಾಜಿನಾಚೆ ನೋಡಿದಳು. ಹೊರಗೆ ಎದುರು ಸಾಲಿನಲ್ಲಿ ಗಡಿಯಾರದವನು ಬಾಗಿಲು ತೆರೆಯುತ್ತಿದ್ದ. ಇನ್ನು ಈ ಕೆಂಪು ಕೊಡೆ ಬೀದಿ ದಾಟಿ ಈಚೆ ಬರುತ್ತದೆ, ನಮ್ಮ ಮೆಟ್ಟಿಲ ಮುಂದೆ ನಿಲ್ಲುತ್ತದೆ, ನನ್ನ ಮಗುವನ್ನು ಬೆರಳಿಟ್ಟು ತೋರಿಸುತ್ತದೆ.

ಕಥೆಯವನು ತಾತನನ್ನು ದಿಟ್ಟಿಸಿ ನೋಡಿದ. ಆಮೇಲೆ ಅವರ ಭುಜ ತಟ್ಟಿ ಜೋರಾಗಿ ನಕ್ಕ.

“ಈ ಊರಲ್ಲಿ ಅವನನ್ನ ನೋಡದೇ ಇರೋ ಮುದುಕರೇ ಇಲ್ಲ ಕಣಕ್ಕಾ! ಬ್ರೆಡ್ಡಿನ ಅಂಗಡಿ ತಾತ ಅವನ ಜೊತೆ ಇಸ್ಪೀಟು ಆಡಿದ್ನಂತೆ. ಮೂಲೆಮನೆ ಅಜ್ಜಿಗೆ ಅವನು ಕಣ್ಣು ಹೊಡೆದಿದ್ನಂತೆ. ನಿಮ್ಮ ತಂದೆ ಜೇಬಿಗೇ ಕೈ ಹಾಕಿದ್ರು, ಭಲೇ!” ಅವನು ಕೊಡೆ ಎತ್ತಿಕೊಂಡ. “ಎರಡು ಜೇಬಿನ ಕಂದು ಕೋಟು ಹಾಕ್ಕೊಂಡ್ರೆ ನನ್ನನ್ನ ಯಾರು ನೋಡ್ತಾರೆ ತಾತಾ? ಪೋಸ್ಟಿನವನು ಅಂತಾರೆ. ಹನ್ನೆರಡೇ ಇರ್ಲಿ ಅಕ್ಕಾ, ಅಸ್ತರಿಗೆ ದಪ್ಪ ಬಟ್ಟೆ ಹಾಕಿ. ಬರ್ತೀನಿ, ಜನ ಕಾಯ್ತಿರ್ತಾರೆ.”

ಗಂಟೆ ಸದ್ದಾಯಿತು. ಬಾಗಿಲು ಮುಚ್ಚಿತು. ಗಾಜಿನಾಚೆ ಕೆಂಪು ಕೊಡೆ ಬೀದಿ ದಾಟಿ ಆಚೆಯ ಸಾಲಿಗೇ ಹೋಯಿತು.

ತಾತ ಇನ್ನೂ ಮೇಜಿನ ಬಳಿ ನಿಂತಿದ್ದರು. ತಾನು ಏನು ಹೇಳಿದೆ ಎನ್ನುವುದು ಈಗ ನಿಧಾನವಾಗಿ ಅವರ ಮುಖಕ್ಕೆ ಬರುತ್ತಿತ್ತು. ಎಡಗೈಯಿಂದ ಬಲ ಮೊಳಕೈಯನ್ನು ಹಿಡಿದುಕೊಂಡು, ಅಲ್ಲಿಯವರೆಗೆ ನೀರಿಗಿಳಿದವರ ಹಾಗೆ ನಿಂತಿದ್ದರು. ಅಮ್ಮ ಅವರ ಬಳಿ ಹೋಗಬೇಕೆಂದುಕೊಂಡಳು, ಹೋಗಲಿಲ್ಲ. ಏಕೆಂದರೆ ಸೂಜಿ ಮೇಜಿನಿಂದ ಕೆಳಗಿಳಿಯುತ್ತಿದ್ದಳು.

ಮಗು ತಾತನ ಎದುರು ಹೋಗಿ ನಿಂತಿತು. ಅವರ ಮುಖ ನೋಡಿತು. ಮೊಳಕೈ ನೋಡಿತು. ತನ್ನ ತೋಳನ್ನು ಉದ್ದಕ್ಕೆ ಚಾಚಿ, ಬೆರಳ ತುದಿಯಿಂದ ಮೊಳಕೈಯವರೆಗೆ, ಗಾಳಿಯಲ್ಲಿ ಒಂದು ಜೇಬನ್ನು ಅಂದಾಜು ಮಾಡಿತು. ಆರು ವರ್ಷದವನ ತೋಳು ಇದಕ್ಕಿಂತ ಗಿಡ್ಡ. ಅದನ್ನೂ ಲೆಕ್ಕ ಹಾಕಿ ಕೈಯನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡಿತು.

ಅಮ್ಮ ಮಗಳ ಕಡೆ ಒಂದು ಹೆಜ್ಜೆ ಇಟ್ಟಳು. ಬಂತು. ಮಡಚಿಟ್ಟ ಉತ್ತರಗಳೆಲ್ಲ ಒಮ್ಮೆಗೇ ನಾಲಿಗೆಗೆ ಬಂದು ನಿಂತವು. ನಿಜವಾ, ಎಷ್ಟು ಜನ, ಯಾಕೆ, ನಾನೂ ಹಾಗೇನಾ. ಯಾವುದನ್ನಾದರೂ ಕೇಳು, ಸಿದ್ಧವಾಗಿದ್ದೇನೆ.

“ತಾತಾ,” ಎಂದಳು ಸೂಜಿ. ಎಂಟು ದಿನ ಏನನ್ನೂ ಕೇಳದ ದನಿ ತುಕ್ಕು ಹಿಡಿದಿತ್ತು, ಒಮ್ಮೆ ಕೆಮ್ಮಿ ಸರಿಮಾಡಿಕೊಂಡಳು. “ನೀವು ಕೈ ಹಾಕ್ದಾಗ ಜೇಬಲ್ಲಿ ನಿಮ್ಮಪ್ಪನ ಕೈನೂ ಇರ್ತಿತ್ತಾ?”

ತಾತ ತಲೆಯಾಡಿಸಿದರು. ಹೌದು.

“ಬೆಚ್ಚಗಿರ್ತಿತ್ತಾ?”